ಗಣಕಯಂತ್ರದ ಪಾಲನೆ: ಒಂದು ವಿಚಾರ

ಗಣಕಯಂತ್ರವನ್ನು ಮನೆಗೆ ತರುವಾಗ ನಮಗಿರುವ ಆಸ್ಥೆ ಅದನ್ನು ಕಾಪಾಡುವಲ್ಲಿ ಇರುವುದಿಲ್ಲ. ಅದು ನಿಧಾನವಾದೊಡನೆ ಹಳೆಯದಾಯಿತೆಂದು ಮೂಲೆಗೆ ತಳ್ಳುತ್ತೇವೆ. ಇದು ಅವಸರದ ತೀರ್ಪೆಂದು ನನ್ನ ಅಭಿಪ್ರಾಯ. ಫ್ಯಾನಿನಲ್ಲಿ ಧೂಳು ಕಟ್ಟಿದರೆ ಒಳಗಿನ ಕಾವು ಹೊರಹೋಗದು. ಕಾವು ಮಿತಿಮೀರಿದಾಗ ಪ್ರೊಸೆಸರ್ ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ತಗ್ಗಿಸುತ್ತದೆ. ನಾವು ಮುಪ್ಪೆಂದು ಬಗೆಯುವುದು ಎಷ್ಟೋ ಸಲ ಬರಿಯ ಧೂಳು.

ಆದರೆ ಶುಚಿಗೊಳಿಸುವ ಉತ್ಸಾಹಕ್ಕೆ ಎಚ್ಚರವೂ ಜೊತೆಯಾಗಬೇಕು. ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಿ, ಯಂತ್ರವನ್ನು ನಿಲ್ಲಿಸಿ, ಪ್ಲಗ್ಗನ್ನು ಕಿತ್ತಿಡಬೇಕು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಂಡ ಮೇಲೆಯೇ ಒಳಗೆ ಕೈಯಿಡಬೇಕು. ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಬಿಚ್ಚಲೇಬಾರದು. ಪ್ಲಗ್ ಕಿತ್ತ ಬಳಿಕವೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರಬಹುದು. ಯಂತ್ರ ನಡೆಯುತ್ತಿರುವಾಗ ಅಂದಕ್ಕೆಂದು ಕಸೂತಿಯ ಹೊದಿಕೆ ಹೊದಿಸುವ ಅಭ್ಯಾಸವನ್ನೂ ಬಿಡಬೇಕು. ಅದರಿಂದ ಗಾಳಿಯ ಕಿಂಡಿಗಳು ಮುಚ್ಚಿಹೋಗುತ್ತವೆ.

ಉಪಾಧ್ಯಾಯರು ಈ ಪಾಠವನ್ನು ತಮ್ಮ ಕಣ್ಣೆದುರಿನಲ್ಲಿ ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಲಿ. ಶಾಲೆಗಳಿಗೆ ಯಂತ್ರಗಳನ್ನು ದಾನವಿತ್ತ ಮಹನೀಯರು ಅವುಗಳ ಪಾಲನೆಗೂ ಒಂದಿಷ್ಟು ತೆಗೆದಿರಿಸಿದರೆ ಆ ದಾನ ಬಹುಕಾಲ ಫಲಕೊಡುವುದು.