ಅಪಘಾತದಲ್ಲಿ ಕಾರಿನ ಮುಂಭಾಗ ನುಜ್ಜುಗುಜ್ಜಾದರೆ ಕಾರು ಕಳಪೆ ಎಂದರ್ಥವೇ?

2021ರ ಜನವರಿ 11ರಂದು ಅಂಕೋಲಾ ಬಳಿ ಆಗಿನ ಕೇಂದ್ರ ಸಚಿವ ಶ್ರೀಪಾದ ನಾಯಕ್ ಅವರ ಕಾರು ಅಪಘಾತಕ್ಕೀಡಾಯಿತು. ಅವರು ತೀವ್ರವಾಗಿ ಗಾಯಗೊಂಡರು. ಪತ್ನಿ ವಿಜಯಾ ಮತ್ತು ಆಪ್ತ ಸಹಾಯಕ ಮೃತಪಟ್ಟರು. ಕಾರವಾರ, ಅಂಕೋಲಾದ ರಸ್ತೆಗಳಲ್ಲಿ ಓಡಾಡುವವರಿಗೆ ಅಪಘಾತದ ಸುದ್ದಿ ಹೊಸದಲ್ಲ. ನಜ್ಜಾದ ಕಾರಿನ ಫೋಟೋ ಫೋನಿಗೆ ಬಂದಾಗಲೆಲ್ಲ ಒಂದು ಮಾತೂ ಜೊತೆಗೆ ಬರುತ್ತದೆ: "ಈಗಿನ ಕಾರು ಬರೀ ತಗಡು. ಹಳೇ ಕಾರುಗಳು ಕಬ್ಬಿಣದಂತೆ ಗಟ್ಟಿ, ಅವೇ ಸುರಕ್ಷಿತ." ಇದು ನಿಜವೇ?

ಇಲ್ಲ. ಕಾರಿನ ಮುಂಭಾಗ ಮಡಚಿಕೊಳ್ಳುವಂತೆ ಬೇಕೆಂದೇ ವಿನ್ಯಾಸ ಮಾಡಿರುತ್ತಾರೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ ಸುಮಾರು 14 ಮೀಟರ್ ಎತ್ತರದ ತೆಂಗಿನಮರದಿಂದ ಬಿದ್ದಂತೆ. ಬೀಳುವವರಿಗೆ ಸಿಮೆಂಟ್ ನೆಲಕ್ಕಿಂತ ಕಡಲತೀರದ ಮರಳು ವಾಸಿ. ಏಕೆಂದರೆ ಮರಳು ಕುಸಿದು, ದೇಹ ನಿಲ್ಲಲು ಒಂದಿಷ್ಟು ದೂರ ಕೊಡುತ್ತದೆ. ಕಾರಿನಲ್ಲೂ ಹಾಗೆಯೇ. ಈ ವೇಗದಲ್ಲಿ 60 ಕೆ.ಜಿ. ತೂಕದ ವ್ಯಕ್ತಿ 10 ಸೆಂ.ಮೀ. ಅಂತರದಲ್ಲಿ ನಿಂತರೆ ಮೈಮೇಲೆ ಸರಾಸರಿ ಎಂಟೂವರೆ ಟನ್ ಭಾರದಷ್ಟು ಬಲ ಬೀಳುತ್ತದೆ. 60 ಸೆಂ.ಮೀ. ಸಿಕ್ಕರೆ ಅದು 1.4 ಟನ್‌ಗೆ ಇಳಿಯುತ್ತದೆ. ಮುಂಭಾಗ ಮಡಚಿಕೊಂಡು ನಮಗೆ ಕೊಡುವುದು ಈ ದೂರವನ್ನೇ.

ಆದರೆ ಜನ ಕೂರುವ ಭಾಗ ಮಾತ್ರ ಕುಸಿಯಬಾರದು. 2009ರಲ್ಲಿ ಅಮೆರಿಕದಲ್ಲಿ 1959ರ ಷೆವರ್ಲೆ ಬೆಲ್ ಏರ್ ಮತ್ತು 2009ರ ಷೆವರ್ಲೆ ಮಾಲಿಬು ಕಾರುಗಳನ್ನು ಮುಖಾಮುಖಿ ಡಿಕ್ಕಿ ಹೊಡೆಸಿ ನೋಡಿದರು. ಹಳೇ ಕಾರಿನ ಚಾಲಕನ ಜಾಗವೇ ಕುಸಿಯಿತು. ಹೊಸ ಕಾರಿನ ಮೂತಿ ಪುಡಿಯಾದರೂ ಒಳಭಾಗ ಉಳಿಯಿತು.

ಸೀಟ್ ಬೆಲ್ಟ್ ಹಾಕದಿದ್ದರೆ ಇದರ ಲಾಭ ಸಿಗದು. ಕಾರು ನಿಂತರೂ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗಿ ಡ್ಯಾಶ್‌ಬೋರ್ಡಿಗೋ ಮುಂದಿನ ಸೀಟಿಗೋ ಅಪ್ಪಳಿಸುತ್ತದೆ. ಬೆಲ್ಟ್ ನಮ್ಮನ್ನು ಕಾರಿನ ಜೊತೆಗೇ ನಿಧಾನವಾಗಿ ನಿಲ್ಲಿಸಿ, ಬಲವನ್ನು ಎದೆ ಮತ್ತು ಸೊಂಟದ ಮೂಳೆಗಳಿಗೆ ಹಂಚುತ್ತದೆ. ಹಿಂದಿನ ಸೀಟಿನವರಿಗೂ ಇದು ಬೇಕೇ ಬೇಕು. ಏರ್‌ಬ್ಯಾಗ್ ಇದೆಯೆಂದು ಬೆಲ್ಟ್ ಬಿಡುವಂತಿಲ್ಲ. ಅದು ಬೆಲ್ಟಿಗೆ ಜೊತೆಗಾರ ಮಾತ್ರ.

"ಗಟ್ಟಿ ಇರಲಿ" ಎಂದು ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವುದೂ ಅಪಾಯ. ಅದು ಮಡಚುವ ಭಾಗದ ಕೆಲಸ ಕೆಡಿಸಬಹುದು, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯದಂತೆಯೂ ಮಾಡಬಹುದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿತ್ತು.

ಮುಂದಿನ ಸಲ ಅಂಥ ಫೋಟೋ ಬಂದರೆ ಮೂತಿ ನೋಡಬೇಡಿ, ಜನ ಕೂತಿದ್ದ ಜಾಗ ನೋಡಿ. ಫಾರ್ವರ್ಡ್ ಮಾಡುವುದಿದ್ದರೆ ಇಷ್ಟು ಮಾಡಿ: ಹಿಂದೆ ಕೂತವರೂ ಬೆಲ್ಟ್ ಹಾಕಲಿ.