ಎರಡು ನಿಮಿಷ ಮೌನ ಆದ್ಮೇಲೆ ಏನು?

ಜುಲೈ 26 ಬಂತು ಅಂದ್ರೆ ಕಾಲೇಜುಗಳಲ್ಲಿ ಏನೇನು ನಡೆಯುತ್ತೆ ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಎದ್ದರೆ ವಾಟ್ಸಾಪ್ ಸ್ಟೇಟಸ್ ತುಂಬ ಕಾರ್ಗಿಲ್. ಆಡಿಟೋರಿಯಂನಲ್ಲಿ ಒಂದು ಪಿಪಿಟಿ, ಎರಡು ನಿಮಿಷ ಮೌನ, ಒಂದು ದೇಶಭಕ್ತಿ ಡ್ಯಾನ್ಸ್, ಜೋರಾಗಿ ಜೈಕಾರ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಇಂಟರ್ನಲ್ಸ್ ಪೋರ್ಷನ್. ಇದರಲ್ಲಿ ತಪ್ಪೇನಿಲ್ಲ. 1999ರ ಆ ಯುದ್ಧದಲ್ಲಿ 527 ಯೋಧರು ಪ್ರಾಣ ಕೊಟ್ಟರು, ಅವರನ್ನು ನೆನೆಯಲೇಬೇಕು. ಆದರೆ ಒಂದು ಪ್ರಶ್ನೆ ಇದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಸೈನ್ಯಕ್ಕೆ ಹೋದ ಒಬ್ಬರ ಹೆಸರು ಹೇಳಿ ಅಂದ್ರೆ, ಆ ಹಾಲ್‌ನಲ್ಲಿ ಇನ್ನೆರಡು ನಿಮಿಷ ಮೌನ ಗ್ಯಾರಂಟಿ.

ಹೆಸರಿಲ್ಲದ ನೆನಪು ಬೇಗ ಮರೆತು ಹೋಗುತ್ತೆ. ಇದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹಳೇ ಕೋಲಾರ ಸೀಮೆಯ ಊರುಗಳಲ್ಲಿ ಕೆರೆ ಏರಿ ಮೇಲೋ, ದೇವಸ್ಥಾನದ ಹಿಂದೋ ನಿಂತಿರುವ ವೀರಗಲ್ಲುಗಳನ್ನು ನೋಡಿರುತ್ತೀರಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ಮಧ್ಯದಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ದೇವರ ಸನ್ನಿಧಿ. ಶಾಸನ ಇದ್ದರೆ ಅದರಲ್ಲಿ ಸತ್ತವನ ಹೆಸರು, ಯಾವ ಕಾಳಗ ಅನ್ನೋದು, ಎಷ್ಟೋ ಸಲ ಅವನ ಮನೆಯವರಿಗೆ ಎಷ್ಟು ಭೂಮಿ ಕೊಟ್ಟರು ಅನ್ನೋದೂ ಇರುತ್ತೆ. ಹಾಗೆ ಕೊಟ್ಟ ಭೂಮಿಗೆ ಕನ್ನಡದಲ್ಲಿ ನೆತ್ತರುಗೊಡಗೆ ಅಂತಲೇ ಪದ ಇದೆ.

ಬದುಕಿ ಬಂದವನಿಗೂ ಒಂದು ಪದ ಇತ್ತು: ಬಾಳ್ಗಚ್ಚು. ಬಾಳ್ ಅಂದ್ರೆ ಕತ್ತಿ, ಕಚ್ಚು ಅಂದ್ರೆ ತೊಳೆಯೋದು. ರಕ್ತದ ಕತ್ತಿ ತೊಳೆದು ವೀರನಿಗೆ ಕೊಡುತ್ತಿದ್ದ ದತ್ತಿ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದಲ್ಲಿ (ಕ್ರಿ.ಶ. 949-50, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ) ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಬಾಳ್ಗಚ್ಚು ಕೊಟ್ಟ ಮಾತು ಬರುತ್ತೆ. ಅದೇ ಕಲ್ಲಲ್ಲಿ ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಯ ಹೆಸರೂ ಇದೆ. ನಾಯಿಯ ಹೆಸರನ್ನೂ ಮರೆಯದೆ ಕೆತ್ತಿಸಿದ ನಾಡು ಇದು. ಸತ್ತವರಿಗೆ ಕಲ್ಲು, ಮನೆಯವರಿಗೆ ಹೊಲ, ಉಳಿದವರಿಗೆ ಮರ್ಯಾದೆ. ಸಾವಿರ ವರ್ಷದ ಹಿಂದಿನ ಆ ಲೆಕ್ಕದಲ್ಲಿ ಈಗಿನ ಕಾರ್ಯಕ್ರಮಗಳು ಮೊದಲನೆಯದನ್ನು ಅರ್ಧ ಮಾಡುತ್ತವೆ, ಮಿಕ್ಕ ಎರಡರ ಕಡೆ ತಿರುಗಿಯೂ ನೋಡಲ್ಲ.

ನಮ್ಮ ಜಿಲ್ಲೆಯಲ್ಲೇ ಹೆಸರಿನ ಬೆಲೆ ಕಲಿಸುವ ಇನ್ನೊಂದು ಜಾಗ ಇದೆ. ಗೌರಿಬಿದನೂರಿಗೆ ಹತ್ತಿರದ ವಿದುರಾಶ್ವತ್ಥ. ಸಾಲು ಸಾಲು ನಾಗರಕಲ್ಲುಗಳಿಗೆ ಹೆಸರಾದ ಊರು. 1938ರ ಏಪ್ರಿಲ್ 25ರಂದು ಅಲ್ಲಿ ಚರಕದ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಎಷ್ಟು ಜನ ಸತ್ತರು ಅನ್ನೋದಕ್ಕೆ ಸರ್ಕಾರದ ಲೆಕ್ಕವೇ ಒಂದು, ಜನರ ಲೆಕ್ಕವೇ ಇನ್ನೊಂದು. ಎರಡು ಲೆಕ್ಕದ ನಡುವೆ ಉಳಿದದ್ದು ಬರೀ ಅಂಕಿ ಅಲ್ಲ, ಯಾರದೋ ಮನೆಯ ಮಕ್ಕಳು. ಆಮೇಲೆ ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವಿನ ಒಪ್ಪಂದದಿಂದ ಸಂಸ್ಥಾನದಲ್ಲಿ ಆ ಬಾವುಟ ಹಾರಿಸಲು ಅವಕಾಶ ಸಿಕ್ಕಿತು. ಅವರೇನೂ ಸೈನಿಕರಲ್ಲವಲ್ಲ, ಸಮವಸ್ತ್ರದವರ ಗುಂಡಿಗೇ ಸತ್ತವರಲ್ಲವಾ ಅಂತ ಕೇಳಬಹುದು. ಹೌದು. ಆದರೆ ಒಬ್ಬರು ಬಾವುಟ ಹಾರಿಸೋಕೆ ಹೋಗಿ ಸತ್ತರು, ಇನ್ನೊಬ್ಬರು ಬಾವುಟ ಹೊದ್ದುಕೊಂಡು ಊರಿಗೆ ಬಂದರು. ಇಬ್ಬರನ್ನೂ ಒಂದೇ ಉಸಿರಲ್ಲಿ ನೆನೆಯೋದು ನಮಗೆ ಕಷ್ಟ ಆಗಬಾರದು.

ಈಗ ಕೆಲಸದ ಮಾತಿಗೆ ಬರೋಣ. ನಮ್ಮ ಊರಿನ ಯೋಧರ ಹೆಸರು ಸಿಗೋದು ಯಾಕೆ ಕಷ್ಟ? ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ. 1962, 1965, 1971, 1999ರಲ್ಲಿ ಇಲ್ಲಿಂದ ಹೋದವರಿಗೆ ಜಿಲ್ಲೆ ಅಂದ್ರೆ ಕೋಲಾರ. ನಮ್ಮ ಜಿಲ್ಲೆಯ ಹೆಸರು ಹಾಕಿ ಹುಡುಕಿದರೆ ಅವರು ಕಾಣೋದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಮೈಸೂರು ಸಂಸ್ಥಾನ. 1918ರ ಸೆಪ್ಟೆಂಬರ್ 23ರಂದು ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ ಹೈಫಾ ಪಟ್ಟಣವನ್ನು ಗೆದ್ದ ಮೈಸೂರು ಲ್ಯಾನ್ಸರ್ಸ್ ಇದೇ ಸಂಸ್ಥಾನದ ಅಶ್ವದಳ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹೆಸರಲ್ಲಿ ಸೆಪ್ಟೆಂಬರ್ 15ಕ್ಕೆ ಎಂಜಿನಿಯರ್ಸ್ ಡೇ ಮಾಡ್ತೀವಿ. ಅದಾದ ಎಂಟೇ ದಿನಕ್ಕೆ ಬರುವ ಹೈಫಾ ದಿನ ಎಷ್ಟು ಜನಕ್ಕೆ ಗೊತ್ತು?

ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧ ಸ್ಮಾರಕದ ತ್ಯಾಗ ಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರಿವೆ. ಎರಡು ಮಹಾಯುದ್ಧಗಳಲ್ಲಿ ಸತ್ತವರ ದಾಖಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಬಳಿ ಇದೆ. ತೊಂದರೆ ಅಂದ್ರೆ ಕಾಗುಣಿತ. ಸಿಡ್ಲಘಟ್ಟ, ಶಿಡ್ಲಘಟ್ಟ, ಚಿಕ್‌ಬಳ್ಳಾಪುರ್, ಗೋರಿಬಿದನೂರ್... ಇಂಗ್ಲಿಷ್ ಗುಮಾಸ್ತ ಕೇಳಿಸಿದ ಹಾಗೆ ಬರೆದುಕೊಂಡಿದ್ದಾನು. ಇದು ನಮ್ಮದೇ ಕೆಲಸ ಅಲ್ವಾ? ಫಝಿ ಮ್ಯಾಚಿಂಗ್ ಬಗ್ಗೆ ಲ್ಯಾಬ್‌ನಲ್ಲಿ ಓದೋದನ್ನು ಇಲ್ಲಿ ಹಾಕಿ ನೋಡಬಹುದು. ಒಂದು ಮಿನಿ ಪ್ರಾಜೆಕ್ಟ್‌ಗೆ ಇದಕ್ಕಿಂತ ಒಳ್ಳೇ ವಿಷಯ ಬೇಕಾ? ನಾಲ್ಕು ತಾಲ್ಲೂಕಿನ ಹುಡುಗ ಹುಡುಗಿಯರು ತಮ್ಮ ತಮ್ಮ ಊರಲ್ಲಿ ಅಜ್ಜಂದಿರನ್ನು ಕೇಳಿ ಬಂದು ಪಟ್ಟಿಗೆ ಸೇರಿಸಿದರೆ, ಒಂದೇ ಸೆಮ್‌ನಲ್ಲಿ ಅರ್ಧ ಕೆಲಸ ಆಗುತ್ತೆ.

ಇನ್ನು ಬದುಕಿರುವವರ ಮಾತು. ಮಾಜಿ ಸೈನಿಕ ಅಂದ್ರೆ ಮೆಡಲ್ ಹಾಕಿಕೊಂಡ ಮುದುಕರು ಅಂತ ನಮ್ಮ ಕಲ್ಪನೆ. ಹದಿನೈದು ವರ್ಷ ಸೇವೆ ಮುಗಿಸಿದ ಸಿಪಾಯಿಗೆ ಪಿಂಚಣಿ ಸಿಗುತ್ತೆ, ಅಷ್ಟೊತ್ತಿಗೆ ಅವರಿಗೆ ಮೂವತ್ತೈದೋ ನಲವತ್ತೋ. ಮಕ್ಕಳು ಇನ್ನೂ ಸ್ಕೂಲಲ್ಲಿ. ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಂತವರನ್ನು ಒಮ್ಮೆ ಮಾತಾಡಿಸಿ ನೋಡಿ. ರಕ್ಷಣಾ ಪಿಂಚಣಿ ಈಗ ಸ್ಪರ್ಶ್ ಅನ್ನೋ ಆನ್‌ಲೈನ್ ವ್ಯವಸ್ಥೆಯಲ್ಲಿ ನಡೆಯುತ್ತೆ. ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಅಂತ ಪ್ರಮಾಣ ಪತ್ರ ಕೊಡಬೇಕು. ಸ್ಮಾರ್ಟ್‌ಫೋನ್ ಬಳಸಲು ಬಾರದ ಹಿರಿಯರಿಗೆ, ಗಂಡನನ್ನು ಕಳೆದುಕೊಂಡ ಅಜ್ಜಿಯಂದಿರಿಗೆ ಇದು ಸಣ್ಣ ತಲೆನೋವಲ್ಲ. ಆಧಾರ್‌ನಲ್ಲಿ ಒಂದು ಹೆಸರು, ಸೇವಾ ದಾಖಲೆಯಲ್ಲಿ ಇನ್ನೊಂದು ಇದ್ದರಂತೂ ಕೇಳಲೇಬೇಡಿ. ನಮಗೆ ಹತ್ತು ನಿಮಿಷದ ಕೆಲಸ, ಅವರಿಗೆ ಎರಡು ದಿನದ ಓಡಾಟ, ಬಸ್ ಚಾರ್ಜು.

ಸಂಬಳ ತಗೊಂಡು ಮಾಡಿದ ಕೆಲಸ ತಾನೇ, ಇಷ್ಟೆಲ್ಲ ಯಾಕೆ ಅನ್ನುವವರೂ ಕ್ಯಾಂಟೀನ್‌ನಲ್ಲಿ ಸಿಗುತ್ತಾರೆ. ಸಂಬಳ ಎಲ್ಲರೂ ತಗೋತಾರೆ. ಕೆಲಸದ ಕರಾರಿನಲ್ಲೇ ಪ್ರಾಣ ಬರೆದುಕೊಡುವವರು ಎಷ್ಟು ಜನ? ಇನ್ನು ಕೆಲವರಿಗೆ ಇದು ರಾಜಕೀಯ ಆಗುತ್ತೆ ಅನ್ನೋ ಭಯ. ಘೋಷಣೆ ರಾಜಕೀಯ ಆಗಬಹುದು. ಒಬ್ಬ ಅಜ್ಜಿಯ ಪಿಂಚಣಿ ಅರ್ಜಿ ತುಂಬಿಸಿಕೊಡೋದು ಯಾವ ಪಕ್ಷದ ರಾಜಕೀಯ?

ಹಾಗಾಗಿ ನಾವು ಕೇಳೋದು ಮೂರೇ. 1949ರಿಂದ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಆವತ್ತು ಸಂಗ್ರಹವಾಗುವ ಹಣ ಮಡಿದವರ ಕುಟುಂಬಕ್ಕೆ, ಅಂಗವಿಕಲರಾದ ಯೋಧರಿಗೆ, ಮಾಜಿ ಸೈನಿಕರ ಕ್ಷೇಮಕ್ಕೆ ಹೋಗುತ್ತೆ. ಆ ದಿನ ಡ್ಯಾನ್ಸ್ ಬದಲು ನಮ್ಮ ನಾಲ್ಕು ತಾಲ್ಲೂಕಿನ ಹೆಸರುಗಳನ್ನು, ಸಿಕ್ಕಷ್ಟು, ಗಟ್ಟಿಯಾಗಿ ಓದೋಣ. ಎರಡನೆಯದು, ತಿಂಗಳಿಗೊಂದು ಶನಿವಾರ ಮಾಜಿ ಸೈನಿಕರ ಮನೆಯವರಿಗೆ ಒಂದು ಸಹಾಯ ಮೇಜು. ಲ್ಯಾಪ್‌ಟಾಪ್ ನಮ್ಮದು, ಪಾಸ್‌ವರ್ಡ್, ಓಟಿಪಿ ಮಾತ್ರ ಅವರೇ ಟೈಪ್ ಮಾಡಬೇಕು. ಮೂರನೆಯದು, ಏಪ್ರಿಲ್ 25ಕ್ಕೆ ವಿದುರಾಶ್ವತ್ಥಕ್ಕೆ ಒಂದು ಬಸ್. ಅಲ್ಲಿನ ವೀರಸೌಧ ನೋಡಿ, ಅರ್ಧ ಗಂಟೆ ಸುಮ್ಮನೆ ಕೂತು ಬರೋಣ, ಸೆಲ್ಫಿ ಆಮೇಲೆ.

ಎರಡು ನಿಮಿಷದ ಮೌನವೂ ಇರಲಿ, ಯಾರೂ ಬೇಡ ಅನ್ನಲ್ಲ. ಆದರೆ ಆ ಮೌನ ಮುಗಿದ ಮೇಲೆ ಮೊದಲು ಕೇಳಿಸೋದು ಡಿಜೆ ಸದ್ದಲ್ಲ, ನಮ್ಮೂರಿನ ಒಬ್ಬರ ಹೆಸರು ಆಗಿರಲಿ. ಪಟ್ಟಿಗೆ ಸೇರಿಸಬೇಕಾದ ಹೆಸರು ನಿಮ್ಮ ಊರಲ್ಲಿ ಇದ್ದರೆ ಕನ್ನಡ ಸಂಘದ ರೂಮಿಗೆ ಬನ್ನಿ. ನಾವು ಬರೆದುಕೊಳ್ಳೋಕೆ ಪೆನ್ ಹಿಡಿದು ಕೂತಿರ್ತೀವಿ.