ಒಂದೇ ಕ್ಯಾಂಪಸ್ಸು, ಎರಡು ಲೋಕ

ಅಮೆರಿಕದಲ್ಲಿ 2023-24ನೇ ಸಾಲಿನಲ್ಲಿ, ವ್ಯಾಸಂಗೋತ್ತರ ತರಬೇತಿಯಲ್ಲಿದ್ದವರೂ ಸೇರಿ, 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಚೀನಾವನ್ನು ಹಿಂದಿಕ್ಕಿ ಭಾರತ ಮೊದಲ ಸ್ಥಾನಕ್ಕೇರಿತು. ಇವರಲ್ಲಿ ಸುಮಾರು 1.96 ಲಕ್ಷ ಮಂದಿ ಸ್ನಾತಕೋತ್ತರ ಹಾಗೂ ಸಂಶೋಧನಾ ವಿದ್ಯಾರ್ಥಿಗಳು. ಕರ್ನಾಟಕದ ಎಷ್ಟೋ ಮನೆಗಳ ಸಾಲ, ಕನಸು ಎರಡೂ ಈ ಸಂಖ್ಯೆಯೊಳಗಿವೆ.

ಆದರೆ ಅಲ್ಲಿನವರೊಡನೆ ಇವರ ಒಡನಾಟ ಎಷ್ಟು? ನ್ಯೂಯಾರ್ಕಿನ ಬರೂಕ್ ಕಾಲೇಜಿನ ಎಲಿಜಬೆತ್ ಗರೈಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿವಿಧ ದೇಶಗಳ ವಿದ್ಯಾರ್ಥಿಗಳ ಪೈಕಿ ಶೇ 40ರ ಸಮೀಪದಷ್ಟು ಮಂದಿ ತಮಗೆ ಆಪ್ತರಾದ ಅಮೆರಿಕನ್ ಸ್ನೇಹಿತರೇ ಇಲ್ಲ ಎಂದಿದ್ದರು.

ಇದನ್ನು ಅತಿಥಿಯ ಸಂಕೋಚ ಅಥವಾ ಆತಿಥೇಯರ ಬಿಗುಮಾನ ಎಂದು ತಳ್ಳಿಹಾಕುವುದು ಸುಲಭ. ವಾಸ್ತವ ಬೇರೆಯೇ ಇದೆ. ಕಂಪ್ಯೂಟರ್ ವಿಜ್ಞಾನದಂಥ ವಿಷಯಗಳಲ್ಲಿ ಅಮೆರಿಕನ್ನರು ಮೊದಲ ಪದವಿ ಮುಗಿಸಿ ನೇರವಾಗಿ ಉದ್ಯೋಗಕ್ಕೆ ತೆರಳುವುದೇ ಹೆಚ್ಚು. ಹೀಗಾಗಿ ಹಲವು ಸ್ನಾತಕೋತ್ತರ ತರಗತಿಗಳಲ್ಲಿ ಸ್ಥಳೀಯರೇ ಅಲ್ಪಸಂಖ್ಯಾತರು. ಬಾಡಿಗೆ ಉಳಿಸಲು ನಮ್ಮವರು ನಮ್ಮವರೊಂದಿಗೇ ಕೊಠಡಿ ಹಂಚಿಕೊಳ್ಳುತ್ತಾರೆ. ಪಾಠ ಮತ್ತು ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆ ಮೀರದ ದುಡಿಮೆಯ ನಡುವೆ ಬಿಡುವೇ ದುರ್ಲಭ. ಇಂಗ್ಲಿಷ್ ಗೊತ್ತಿದ್ದರೂ ಅಮೆರಿಕನ್ ಫುಟ್ಬಾಲಿನ ಮಾತು, ದೂರದರ್ಶನದ ಹಾಸ್ಯ ಅರ್ಥವಾಗುವುದಿಲ್ಲ. 'ಹೇಗಿದ್ದೀರಿ' ಎಂದು ಕೇಳಿದವರು ಉತ್ತರಕ್ಕೆ ನಿಲ್ಲದೆ ನಡೆದಾಗ ಹೊಸಬರಿಗೆ ಪೆಚ್ಚಾಗುವುದು ಸಹಜ.

ಸ್ಟೀಫನ್ ಬಾಕ್ನರ್ ಮತ್ತು ಸಂಗಡಿಗರು 1977ರಲ್ಲೇ ಈ ವಿನ್ಯಾಸವನ್ನು ಗುರುತಿಸಿದ್ದರು: ಸ್ವದೇಶೀಯರು ಆಪ್ತತೆಗೆ, ಆತಿಥೇಯರು ಓದು ಮತ್ತು ವ್ಯವಹಾರಕ್ಕೆ, ಇತರ ದೇಶದವರು ವಿನೋದಕ್ಕೆ. ತವರಿನವರ ಆಸರೆ ತಪ್ಪಲ್ಲ. ಜ್ವರ ಬಂದಾಗ ಗಂಜಿ ಕಾಯಿಸುವವರು ಅವರೇ. ಆದರೆ ಆ ಆಸರೆಗೂ ಮಿತಿಯಿದೆ. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದೇಶಿ ವಿದ್ಯಾರ್ಥಿಗಳ ವಲಸೆ ದಾಖಲೆಗಳು ದಿಢೀರನೆ ರದ್ದಾಗಿ, ನ್ಯಾಯಾಲಯಗಳ ಮಧ್ಯಪ್ರವೇಶದ ನಂತರ ಪುನಃಸ್ಥಾಪನೆಗೊಂಡವು. ಅಂಥ ಗಳಿಗೆಯಲ್ಲಿ ಒಂದೇ ಕೊಠಡಿಯ ನಾಲ್ವರೂ ಸಮಾನ ಅಸಹಾಯಕರು. ಊರಿನ ಕಾನೂನು ಬಲ್ಲ, ದನಿಯೆತ್ತಬಲ್ಲ ಸ್ಥಳೀಯ ಗೆಳೆಯರ ಬೆಲೆ ಆಗ ತಿಳಿಯುತ್ತದೆ.

ಪರಿಹಾರ ವರ್ಷಕ್ಕೊಮ್ಮೆಯ ಆಹಾರ ಮೇಳದಲ್ಲಿಲ್ಲ. ಸಮಾನ ಸ್ಥಾನ, ಸಮಾನ ಗುರಿ, ಪರಸ್ಪರ ಸಹಕಾರ ಮತ್ತು ಸಂಸ್ಥೆಯ ಬೆಂಬಲ ಇದ್ದಲ್ಲಿ ಪೂರ್ವಗ್ರಹ ಕರಗುತ್ತದೆ ಎಂದು ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಪ್ರತಿಪಾದಿಸಿದ್ದರು. ಪ್ರಯೋಗಾಲಯದ ತಂಡಗಳನ್ನು ಪ್ರಾಧ್ಯಾಪಕರೇ ಬೆರೆಸಿ ರಚಿಸುವುದು ಇದಕ್ಕೆ ಸರಳ ಆರಂಭ.

ಈ ಮಾತು ನಮಗೂ ಅನ್ವಯಿಸುತ್ತದೆ. 2016ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬರ ಮೇಲೆ ಗುಂಪು ಹಲ್ಲೆ ನಡೆಸಿತ್ತು. ಮಕ್ಕಳಿಗೆ ಅಲ್ಲಿ ಸ್ನೇಹ ಬಯಸುವ ನಾಡು, ಇಲ್ಲಿಗೆ ಬಂದವರ ಮಕ್ಕಳಿಗೂ ಬಾಗಿಲು ತೆರೆಯಬೇಕಲ್ಲವೇ?